ವರ್ಷದ ನಡುವೆ ತೆರಿಗೆಯ ಲೆಕ್ಕ: ನಾನು ಅನುಸರಿಸುವ ಕ್ರಮ

ಸಂಬಳದಿಂದ ತಿಂಗಳುತಿಂಗಳೂ ತೆರಿಗೆ ಕಡಿತವಾಗುವ ನಮ್ಮಂಥವರಲ್ಲಿ ಬಹುಪಾಲು ಜನ ಆದಾಯ ತೆರಿಗೆಯ ಬಗ್ಗೆ ಯೋಚಿಸುವುದು ಎರಡು ಸಲ ಮಾತ್ರ: ವರ್ಷದ ಕೊನೆಯಲ್ಲಿ ಕಚೇರಿಯವರು ಹೂಡಿಕೆಯ ದಾಖಲೆ ಕೇಳಿದಾಗ, ಆಮೇಲೆ ರಿಟರ್ನ್ ಸಲ್ಲಿಸುವಾಗ. ಇವೆರಡಕ್ಕಿಂತ ಹೆಚ್ಚಿನ ಮಹತ್ವವನ್ನು ನಾನು ಸೆಪ್ಟೆಂಬರ್ ಮೊದಲ ವಾರದ ಪರಿಶೀಲನೆಗೆ ಕೊಡುತ್ತೇನೆ. ಮುಂಗಡ ತೆರಿಗೆಯ, ಅಂದರೆ ವರ್ಷದ ನಡುವೆಯೇ ನಾವೇ ಕಂತುಗಳಲ್ಲಿ ಕಟ್ಟುವ ತೆರಿಗೆಯ, ಎರಡನೇ ಕಂತಿನ ಗಡುವು ಸೆಪ್ಟೆಂಬರ್ 15. ಆ ಹೊತ್ತಿಗೆ ಏಪ್ರಿಲ್‌ನಿಂದ ಬಂದ ಆದಾಯ ಕಣ್ಣೆದುರಿಗೆ ಇರುತ್ತದೆ, ಕೊರತೆ ಕಂಡರೆ ಸರಿಪಡಿಸಿಕೊಳ್ಳಲು ಮಾರ್ಚ್‌ವರೆಗೆ ಕಾಲಾವಕಾಶವೂ ಇರುತ್ತದೆ. ಇಲ್ಲಿ ಬರೆದಿರುವ ಅಂಕಿಗಳೆಲ್ಲ 2025-26ರ ಹಣಕಾಸು ವರ್ಷಕ್ಕೆ, ಹೊಸ ತೆರಿಗೆ ಪದ್ಧತಿಗೆ ಸಂಬಂಧಿಸಿದವು.

ಈ ಪರಿಶೀಲನೆಯಲ್ಲಿ ನಾನು ಮೊದಲು ಕೇಳಿಕೊಳ್ಳುವುದು ತೆರಿಗೆ ಎಷ್ಟಾಗುತ್ತದೆ ಎಂದಲ್ಲ, ನನ್ನ ಆದಾಯದ ಬಗ್ಗೆ ಯಾರಿಗೆ ಎಷ್ಟು ಗೊತ್ತಿದೆ ಎಂದು. ಕಚೇರಿಗೆ ತಾನು ಕೊಡುವ ಸಂಬಳ ಗೊತ್ತು, ಬ್ಯಾಂಕಿಗೆ ತಾನು ಕೊಡುವ ಬಡ್ಡಿ ಗೊತ್ತು. ಬ್ಯಾಂಕು ಠೇವಣಿಯ ಬಡ್ಡಿಯ ಮೇಲೆ ಶೇ. 10ರಷ್ಟು ಟಿಡಿಎಸ್ (ಹಣ ಕೊಡುವವರೇ ಮೊದಲೇ ಹಿಡಿಯುವ ತೆರಿಗೆ) ಕಡಿದು ಸುಮ್ಮನಾಗುತ್ತದೆ, ಖಾತೆದಾರರು ಶೇ. 20ರ ಹಂತದಲ್ಲಿದ್ದಾರೋ ಶೇ. 30ರ ಹಂತದಲ್ಲಿದ್ದಾರೋ ಅದು ಲೆಕ್ಕಿಸುವುದಿಲ್ಲ. ಇವೆಲ್ಲವನ್ನೂ ಕೂಡಿಸಿ ನೋಡುವ ಕೆಲಸ ಕೊನೆಗೆ ನಮ್ಮದೇ ಆಗಿರುವುದರಿಂದ, ಕೊರತೆ ಹುಟ್ಟುವುದು ಹೆಚ್ಚಾಗಿ ಈ ಇಬ್ಬರ ನಡುವಿನ ಜಾಗದಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವರ್ಷಕ್ಕೆ 18 ಲಕ್ಷ ರೂಪಾಯಿ ಸಂಬಳವಿದ್ದರೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ಸಿಗುವ ನಿಗದಿತ ವಿನಾಯಿತಿ) ಕಳೆದು ತೆರಿಗೆಗೆ ಒಳಪಡುವ ಮೊತ್ತ 17.25 ಲಕ್ಷವಾಗುತ್ತದೆ. 4 ಲಕ್ಷದವರೆಗೆ ತೆರಿಗೆಯಿಲ್ಲ; ಅಲ್ಲಿಂದ 8 ಲಕ್ಷದವರೆಗೆ ಶೇ. 5, 12 ಲಕ್ಷದವರೆಗೆ ಶೇ. 10, 16 ಲಕ್ಷದವರೆಗೆ ಶೇ. 15, 20 ಲಕ್ಷದವರೆಗೆ ಶೇ. 20. ಒಟ್ಟು 1,45,000 ರೂಪಾಯಿ, ಶೇ. 4ರ ಸೆಸ್ ಸೇರಿ 1,50,800. ಇಷ್ಟನ್ನು ಕಚೇರಿಯವರು ಹನ್ನೆರಡು ತಿಂಗಳಿಗೆ ಹಂಚಿ ಕಡಿಯುತ್ತಾರೆ. ಇದರ ಜೊತೆಗೆ ಠೇವಣಿಯಿಂದ 1,20,000 ರೂಪಾಯಿ ಬಡ್ಡಿ ಬರುವುದಾದರೆ, ಅದು ಶೇ. 20ರ ಹಂತಕ್ಕೆ ಸೇರಿ ಸೆಸ್ ಸಹಿತ 24,960 ರೂಪಾಯಿ ತೆರಿಗೆಯನ್ನು ತರುತ್ತದೆ. ಬ್ಯಾಂಕು ಕಡಿದಿರುವುದು 12,000 ಮಾತ್ರ. ಉಳಿದ 12,960 ರೂಪಾಯಿ ಯಾರ ಲೆಕ್ಕದಲ್ಲೂ ಇಲ್ಲ. ಟಿಡಿಎಸ್ ಕಳೆದ ಮೇಲೆ ಉಳಿಯುವ ತೆರಿಗೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಾದರೆ ಮುಂಗಡ ತೆರಿಗೆ ಕಟ್ಟಲೇಬೇಕು ಎಂಬ ನಿಯಮ ಇಲ್ಲಿ ಅನ್ವಯಿಸುತ್ತದೆ.

ಕೆಲಸ ಬದಲಿಸಿದ ವರ್ಷದಲ್ಲಿ ಈ ಅಂತರ ಇನ್ನೂ ದೊಡ್ಡದಾಗುತ್ತದೆ. ಅದೇ 18 ಲಕ್ಷದ ಸಂಬಳದವರು ಸೆಪ್ಟೆಂಬರ್ ಕೊನೆಗೆ ಕಂಪನಿ ಬಿಟ್ಟು, ಅಷ್ಟೇ ಸಂಬಳಕ್ಕೆ ಬೇರೆಡೆ ಸೇರಿದರೆಂದು ಭಾವಿಸೋಣ. ಹಳೆಯ ಕಂಪನಿ ಇಡೀ ವರ್ಷದ ಅಂದಾಜಿನಂತೆ ಆರು ತಿಂಗಳಿಗೆ 75,400 ರೂಪಾಯಿ ಕಡಿದಿರುತ್ತದೆ. ಹಿಂದಿನ ಸಂಬಳದ ವಿವರವನ್ನು ಫಾರಂ 12ಬಿಯಲ್ಲಿ ಕೊಡದೇ ಹೋದರೆ ಹೊಸ ಕಂಪನಿಗೆ ಕಾಣುವುದು ತಾನು ಕೊಡುವ 9 ಲಕ್ಷ ಮಾತ್ರ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 8.25 ಲಕ್ಷ, ಅದು 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯನ್ನು ಪೂರ್ತಿ ಬಿಡುವ ರಿಯಾಯಿತಿಯ ಮಿತಿಯೊಳಗೇ ಇರುವುದರಿಂದ ಒಂದು ರೂಪಾಯಿಯೂ ಕಡಿತವಾಗುವುದಿಲ್ಲ. ಕೈಗೆ ಬರುವ ಸಂಬಳ ಹೆಚ್ಚಾದಂತೆ ತೋರುತ್ತದೆ, ಆದರೆ 75,400 ರೂಪಾಯಿ ಬಾಕಿ ಉಳಿದೇ ಇರುತ್ತದೆ. ಗೆಳೆಯರು ಕೆಲಸ ಬದಲಿಸಿದರೆಂದು ತಿಳಿದಾಗ ನಾನು ಶುಭ ಹಾರೈಸುವ ಜೊತೆಗೆ ಫಾರಂ 12ಬಿ ಕೊಟ್ಟಿದ್ದೀರಾ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಲೆಕ್ಕ ಹಾಕಲು ನಾನು ಬಳಸುವುದು ಒಂದೇ ಹಾಳೆ. ಎಡಗಡೆ ಆದಾಯದ ಮೂಲಗಳು, ಮುಂದೆ ಇದುವರೆಗೆ ಬಂದದ್ದು, ಮಾರ್ಚ್‌ವರೆಗೆ ಬರಬೇಕಾದದ್ದು, ಕಡಿತವಾದ ತೆರಿಗೆ. ಸಂಬಳದ ಅಂಕಿಯನ್ನು ವೇತನ ಚೀಟಿಯಿಂದ, ಬಡ್ಡಿಯನ್ನು ಬ್ಯಾಂಕಿನ ವಿವರಪಟ್ಟಿಯಿಂದ ತೆಗೆದುಕೊಳ್ಳುತ್ತೇನೆ. ಅವಧಿಯ ಕೊನೆಗೆ ಒಟ್ಟಾಗಿ ಹಣ ಕೊಡುವ ಠೇವಣಿಗಳಲ್ಲಿ ಬಡ್ಡಿ ಕೈಗೆ ಬಂದಿರುವುದಿಲ್ಲ, ಆದರೂ ಬ್ಯಾಂಕು ವರ್ಷವರ್ಷವೂ ಅದನ್ನು ಲೆಕ್ಕಕ್ಕೆ ಹಿಡಿದು ತೆರಿಗೆ ಕಡಿಯುತ್ತದೆ. ಹಾಗಾಗಿ ನಾನೂ ಅದನ್ನು ಆಯಾ ವರ್ಷದ ಆದಾಯವೆಂದೇ ಬರೆದುಕೊಳ್ಳುತ್ತೇನೆ.

ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ಸಿಗುವ ಫಾರಂ 26ಎಎಸ್ (ನಮ್ಮ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ಮತ್ತು ಎಐಎಸ್ (ನಮ್ಮ ಆದಾಯ, ವಹಿವಾಟುಗಳ ವಾರ್ಷಿಕ ವಿವರ) ಎರಡನ್ನೂ ನೋಡುತ್ತೇನೆ, ಆದರೆ ಸೆಪ್ಟೆಂಬರ್‌ನಲ್ಲಿ ಅವು ಪೂರ್ಣ ಚಿತ್ರ ಕೊಡುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ನೋಡುತ್ತೇನೆ. ಏಪ್ರಿಲ್‌ನಿಂದ ಜೂನ್‌ವರೆಗಿನ ಟಿಡಿಎಸ್ ವಿವರ ಸಲ್ಲಿಸಲು ಕಡಿತ ಮಾಡಿದವರಿಗೆ ಜುಲೈ 31ರ ಗಡುವು, ಜುಲೈಯಿಂದ ಸೆಪ್ಟೆಂಬರ್‌ವರೆಗಿನದಕ್ಕೆ ಅಕ್ಟೋಬರ್ 31. ಆದ್ದರಿಂದ ಸೆಪ್ಟೆಂಬರ್‌ನಲ್ಲಿ ನಾನು ತಾಳೆ ನೋಡುವುದು ಮೊದಲ ತ್ರೈಮಾಸಿಕವನ್ನು ಮಾತ್ರ. ಆ ಮೂರು ತಿಂಗಳ ವೇತನ ಚೀಟಿಯಲ್ಲಿರುವ ಕಡಿತ 26ಎಎಸ್‌ನಲ್ಲಿ ಕಾಣದಿದ್ದರೆ ಕೂಡಲೇ ಲೆಕ್ಕಪತ್ರ ವಿಭಾಗಕ್ಕೆ ಬರೆಯಬೇಕು. ಇದನ್ನು ಮುಂದಿನ ಜುಲೈವರೆಗೆ ಬಿಟ್ಟರೆ ಉತ್ತರ ಕೊಡಬೇಕಾದವರೇ ಬದಲಾಗಿರಬಹುದು.

ಷೇರು, ಮ್ಯೂಚುವಲ್ ಫಂಡ್ ಮಾರಿದ್ದರೆ ಅದಕ್ಕೆ ಪ್ರತ್ಯೇಕ ಸಾಲು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ, ಷೇರುಪೇಟೆಯಲ್ಲಿ ಪಟ್ಟಿಯಾದ ಷೇರುಗಳ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಶೇ. 12.5, ಅದಕ್ಕಿಂತ ಕಡಿಮೆ ಅವಧಿಯ ಲಾಭಕ್ಕೆ ಶೇ. 20. 12 ಲಕ್ಷದವರೆಗೆ ತೆರಿಗೆಯೇ ಇಲ್ಲವೆಂಬ ಮಾತನ್ನು ನೆಚ್ಚಿಕೊಂಡವರು ಗಮನಿಸಬೇಕಾದದ್ದು, ಆ ರಿಯಾಯಿತಿ ಈ ವಿಶೇಷ ದರದ ತೆರಿಗೆಗೆ ಅನ್ವಯಿಸುವುದಿಲ್ಲ.

ಕೊರತೆ ಎಷ್ಟೆಂದು ತಿಳಿದ ಮೇಲೆ ಅದನ್ನು ತುಂಬಲು ದಾರಿ ಎರಡು. ಇತರ ಆದಾಯವನ್ನು ಕಚೇರಿಗೇ ಲಿಖಿತವಾಗಿ ತಿಳಿಸಿ ಸಂಬಳದಿಂದ ಹೆಚ್ಚು ಕಡಿಯಲು ಹೇಳಬಹುದು. ಮೇಲಿನ 12,960 ರೂಪಾಯಿ ಅಕ್ಟೋಬರ್‌ನಿಂದ ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,160 ಆಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ, ಏಕೆಂದರೆ ಕಂತಿನ ದಿನಾಂಕಗಳನ್ನು ನೆನಪಿಡುವ ಹೊಣೆ ಇರುವುದಿಲ್ಲ. ತಮ್ಮ ಬೇರೆ ಆದಾಯ ಕಚೇರಿಗೆ ತಿಳಿಯುವುದು ಬೇಡ ಎನ್ನುವವರು ತಾವೇ ಮುಂಗಡ ತೆರಿಗೆ ಕಟ್ಟಬೇಕು: ಜೂನ್ 15ಕ್ಕೆ ಶೇ. 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ. 45, ಡಿಸೆಂಬರ್ 15ಕ್ಕೆ ಶೇ. 75, ಮಾರ್ಚ್ 15ಕ್ಕೆ ಪೂರ್ತಿ. ಕಂತು ಕಡಿಮೆಯಾದರೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೀಳುತ್ತದೆ. ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ, 60 ವರ್ಷ ತುಂಬಿದ ನಿವಾಸಿಗಳಿಗೆ ಮುಂಗಡ ತೆರಿಗೆಯ ಬಾಧ್ಯತೆಯಿಲ್ಲ; ಹಿರಿಯರ ಲೆಕ್ಕವನ್ನೂ ನೋಡಿಕೊಳ್ಳುವವರಿಗೆ ಇದು ತಿಳಿದಿರಬೇಕು.

ಜಾಲತಾಣದಲ್ಲಿ ಹಣ ಕಟ್ಟುವಾಗ ನಾನು ಎರಡು ಆಯ್ಕೆಗಳನ್ನು ಮತ್ತೊಮ್ಮೆ ಓದಿ ಖಚಿತಪಡಿಸಿಕೊಳ್ಳುತ್ತೇನೆ. 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27. ಪಾವತಿಯ ಬಗೆ ಮುಂಗಡ ತೆರಿಗೆ, ಅಂದರೆ ಸಂಕೇತ 100. ಚಲನ್ ಸಂಖ್ಯೆ, ಬ್ಯಾಂಕ್ ಶಾಖೆಯನ್ನು ಗುರುತಿಸುವ ಬಿಎಸ್‌ಆರ್ ಸಂಕೇತ, ದಿನಾಂಕ ಇವನ್ನು ಅದೇ ಹಾಳೆಯ ಕೆಳಗೆ ಬರೆದಿಡುತ್ತೇನೆ, ರಿಟರ್ನ್ ತುಂಬುವಾಗ ಬೇಕಾಗುತ್ತವೆ.

ಡಿಸೆಂಬರ್ 15ಕ್ಕೆ ಮುಂಚೆ ಹಾಳೆಯನ್ನು ಇನ್ನೊಮ್ಮೆ ತೆರೆಯುತ್ತೇನೆ. ಆಗ ಬರಬೇಕಾದದ್ದರ ಅಂದಾಜು ಚಿಕ್ಕದಾಗಿರುತ್ತದೆ, ಬೋನಸ್ ಬಂದಿದ್ದರೆ ಅದು ಸೇರುತ್ತದೆ. ಸೆಪ್ಟೆಂಬರ್‌ನಲ್ಲಿ ಊಹಿಸಲಾಗದಿದ್ದ ಬಂಡವಾಳ ಲಾಭ ಆಮೇಲೆ ಬಂದಿದ್ದರೆ, ಅದರ ತೆರಿಗೆಯನ್ನು ಉಳಿದ ಕಂತುಗಳಲ್ಲಿ ತುಂಬಿದರೆ ಹಿಂದಿನ ಕಂತಿನ ಕೊರತೆಗೆ ಬಡ್ಡಿ ಹಾಕುವುದಿಲ್ಲ. ಮಾರ್ಚ್ 15ರ ನಂತರ ಬಂದ ಲಾಭದ ತೆರಿಗೆಯನ್ನು ಮಾರ್ಚ್ 31ರೊಳಗೆ ಕಟ್ಟಬೇಕು.