ಸ್ಪ್ಯಾನಿಷ್ ಕ್ರಿಯಾಪದದ ಮೂಕ 'ಎಚ್' ಜಾಗದಲ್ಲಿ 'ಎಫ್' ಇಟ್ಟು ನೋಡಿ

ಸ್ಪ್ಯಾನಿಷ್ ಕಲಿಯುತ್ತಿರುವವರು 'ಎಚ್' ಅಕ್ಷರದಿಂದ ಆರಂಭವಾಗುವ ಕ್ರಿಯಾಪದವನ್ನು ಕಂಡಾಗ, ಬರಹದಲ್ಲಿದ್ದರೂ ಉಚ್ಚಾರಣೆಯಲ್ಲಿಲ್ಲದ ಆ ಅಕ್ಷರದ ಜಾಗದಲ್ಲಿ 'ಎಫ್' ಇಟ್ಟು ನೋಡಿದರೆ, ಅನೇಕ ಸಲ ಅದರ ಲ್ಯಾಟಿನ್ ಮೂಲವೂ ಇಂಗ್ಲಿಷಿನ ಬಂಧುಪದಗಳೂ ಒಟ್ಟಿಗೇ ಹೊಳೆಯುತ್ತವೆ. 'ಮಾಡು' ಎಂಬ ಅರ್ಥದ 'ಅಸೇರ್' (hacer) ಇದಕ್ಕೆ ಅತ್ಯುತ್ತಮ ಉದಾಹರಣೆ: ಅದರ ಮೂಲ ಲ್ಯಾಟಿನ್ನಿನ 'ಫಾಕೆರೆ', ಇಂಗ್ಲಿಷಿನ ಫ್ಯಾಕ್ಟರಿ, ಮ್ಯಾನುಫ್ಯಾಕ್ಚರ್ ಮೊದಲಾದವು ಅದೇ ಧಾತುವಿನವು, ಮತ್ತು 'ಮಾಡಿದ್ದು' ಎಂಬ ಅರ್ಥದ ಲ್ಯಾಟಿನ್ 'ಫಾಕ್ಟುಮ್' ಸ್ಪ್ಯಾನಿಷಿನಲ್ಲಿ 'ಎಚೊ' (hecho) ಆಗಿಯೂ ಇಂಗ್ಲಿಷಿನಲ್ಲಿ 'ಫ್ಯಾಕ್ಟ್' ಆಗಿಯೂ ಉಳಿದಿದೆ. ಹೀಗೆಯೇ 'ಮಾತನಾಡು' ಎಂಬರ್ಥದ 'ಅಬ್ಲಾರ್' (hablar) ಇಂಗ್ಲಿಷಿನ ಫೇಬಲ್‌ಗೂ, 'ಓಡಿಹೋಗು' ಎಂಬರ್ಥದ 'ಉಯಿರ್' (huir) ಫ್ಯುಜಿಟಿವ್‌ಗೂ, 'ಕುದಿ' ಎಂಬರ್ಥದ 'ಎರ್ವಿರ್' (hervir) ಫರ್ವೆಂಟ್‌ಗೂ ಬಂಧುಗಳು. ಸ್ಪ್ಯಾನಿಷ್ ಹುಟ್ಟಿದ ಕಾಸ್ಟೀಲ್ ಪ್ರದೇಶದ ಆಡುಮಾತಿನಲ್ಲಿ ಪದದ ಮೊದಲ ಫಕಾರವು ಹಕಾರವಾಗಿ, ಕೊನೆಗೆ ಆ ಹಕಾರವೂ ಬಿದ್ದುಹೋಗಿ, ಅಕ್ಷರ ಮಾತ್ರ ಬರಹದಲ್ಲಿ ಉಳಿಯಿತು. ಇಂಗ್ಲಿಷಾದರೋ ಈ ಪದಗಳನ್ನು ಲ್ಯಾಟಿನ್ನಿನಿಂದಲೂ ಫ್ರೆಂಚಿನಿಂದಲೂ ಪಡೆದುದರಿಂದ ಅಲ್ಲಿ ಫಕಾರ ಹಾಗೆಯೇ ಇದೆ. ಹಳಗನ್ನಡದ 'ಪಾಲ್' ಹಾಲಾದುದನ್ನೂ 'ಪುಲಿ' ಹುಲಿಯಾದುದನ್ನೂ ಬಲ್ಲ ನಮಗೆ ಇಂಥ ಬದಲಾವಣೆ ಅಪರಿಚಿತವೇನಲ್ಲ. ಆದರೆ ಲ್ಯಾಟಿನ್ನಿನಲ್ಲಿಯೇ 'ಎಚ್' ಇದ್ದ ಪದಗಳಲ್ಲಿ ಈ ಉಪಾಯ ದಾರಿ ತಪ್ಪಿಸುತ್ತದೆ: ಸಹಾಯಕ ಕ್ರಿಯಾಪದವಾದ 'ಅಬೇರ್' (haber) ಲ್ಯಾಟಿನ್ನಿನ 'ಹಬೇರೆ'ಯಿಂದ ಬಂದು ಹ್ಯಾಬಿಟ್‌ಗೂ, 'ಆಸ್ತಿಯನ್ನು ವಾರಸಾಗಿ ಪಡೆ' ಎಂಬರ್ಥದ 'ಎರೆದಾರ್' (heredar) ಹೆರಿಟೇಜ್‌ಗೂ ಸಂಬಂಧಿಸಿದವು, ಅಂಥಲ್ಲಿ 'ಎಚ್' ಉಳಿಸಿಕೊಂಡೇ ಇಂಗ್ಲಿಷ್ ಪದವನ್ನು ಹುಡುಕಬೇಕು.