ಮಲೆನಾಡಿನ ಪುಟ್ಟ ಕ್ಯಾಬಿನ್‌ಗೆ ನೆಲದ ಹಲಗೆ ಆರಿಸಿದ ಬಗೆ

ಮಲೆನಾಡಿನಲ್ಲಿ ಮರದ ನೆಲ ಕೆಡುವುದು ಹೆಚ್ಚಾಗಿ ಮರದ ಜಾತಿಯಿಂದಲ್ಲ, ಹಸಿ ಹಲಗೆಯಿಂದ. ಸಕಲೇಶಪುರ ಕಡೆಯ ಕಾಫಿ ತೋಟದಲ್ಲಿ, ಎರಡಡಿ ಎತ್ತರದ ಕಂಬಗಳ ಮೇಲೆ ನಿಂತ 10×12 ಅಡಿಯ ಒಂಟಿ ಕೋಣೆಗೆ ಹಲಗೆ ಹುಡುಕುವಾಗ ನಾನು ಮೊದಲು ಹಾಕಿದ್ದು ತೇವದ ಲೆಕ್ಕ. ಬೇಸಿಗೆಯಲ್ಲಿ ಶೇ 11ರಷ್ಟು ತೇವವಿರುವ ಹಲಗೆ ಜುಲೈ ಮಳೆ ಹಿಡಿದು ಕೂತಾಗ ಶೇ 17ಕ್ಕೆ ಏರಬಹುದು. ತೇಗ ತೀರಾ ಕಡಿಮೆ ಹಿಗ್ಗುವ ಮರಗಳಲ್ಲೊಂದು. ಅದು ಕೂಡ ತೇವ ಶೇ 1 ಏರಿದರೆ ಅಗಲದಲ್ಲಿ ಸುಮಾರು ಶೇ 0.19 ಹಿಗ್ಗುತ್ತದೆ. ತೇವ ಶೇ 11ರಿಂದ 17ಕ್ಕೆ ಏರಿದಾಗ 4 ಇಂಚಿನ ಹಲಗೆಗೆ ಇದು 1 ಮಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಆದರೆ ಹತ್ತಡಿ ಅಗಲಕ್ಕೆ 30 ಹಲಗೆ ಬಂದಾಗ ಒಟ್ಟು 34 ಮಿ.ಮೀ. ಆಗುತ್ತದೆ. ಜಾಗ ಬಿಡದೆ ಬಿಗಿದರೆ ನೆಲ ಉಬ್ಬಿ ಏಳುತ್ತದೆ, ಇಲ್ಲವೇ ಗೋಡೆಯನ್ನೇ ತಳ್ಳುತ್ತದೆ.

ಸಿಲ್ವರ್ ಓಕ್ ತೋಟದಲ್ಲೇ ಸಿಗುತ್ತದೆ, ಆದರೆ ಹುಳ ಬೇಗ ಹತ್ತುತ್ತದೆ. ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸದೆ ಅದನ್ನು ನೆಲಕ್ಕೆ ಹಾಕಬಾರದು. ಅಕೇಶಿಯಾ ಗಟ್ಟಿ, ಒಣಗುವಾಗ ಮಾತ್ರ ತಿರುಚಿಕೊಳ್ಳುತ್ತದೆ. ಹೊನ್ನೆ ಬಾಳಿಕೆಗೆ ಹೆಸರಾದ ಮರವಾದರೂ ಒದ್ದೆ ತಾಗಿದಲ್ಲಿ ಬಣ್ಣ ಬಿಡುತ್ತದೆ. ಹೊನ್ನೆ ಲೋಟದಲ್ಲಿ ನೀರು ಕುಡಿದವರಿಗೆ ಇದು ಗೊತ್ತು. ಮಳೆಗಾಲದಲ್ಲಿ ಒದ್ದೆ ಕಾಲಲ್ಲೇ ಒಳಬರುವ ಜಾಗಕ್ಕೆ ಅದು ಬೇಡ. ಮತ್ತಿ ಭಾರ, ಸೀಳು ಬಿಡುವ ಸ್ವಭಾವದ್ದು. ಹಲಗೆಗಿಂತ, ಅದನ್ನು ಕೆಳಗಿನಿಂದ ಹೊರುವ ಜಂತಿಗೇ ಚೆನ್ನ. ಹಲಸಿನ ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ, ನನ್ನ ಎರಡನೇ ಆಯ್ಕೆ. ಕೊನೆಗೆ ಹಲಗೆಗೆ ತೇಗ, ಜಂತಿಗೆ ಮತ್ತಿ ಎಂದು ನಿರ್ಧರಿಸಿದೆ. ಇಷ್ಟು ಸಣ್ಣ ಕೋಣೆಗೆ ಬೇಕಾಗುವ ಮರವೇ ಕಡಿಮೆ, ಹಾಗಾಗಿ ಒಳ್ಳೆಯದಕ್ಕೇ ಕೈಹಾಕಬಹುದು. ಕೊಳ್ಳುವಾಗ ಬಿಲ್ಲು ಮತ್ತು ಅರಣ್ಯ ಇಲಾಖೆಯ ಪಾಸು ಕೇಳಿ ಇಟ್ಟುಕೊಳ್ಳಿ.

ಸಾಮಿಲ್‌ನಲ್ಲಿ 1¼ ಇಂಚು ದಪ್ಪ, 4½ ಇಂಚು ಅಗಲಕ್ಕೆ ಸೀಳಿಸಿದೆ. ಕೀಸಿ ಟಂಗ್ ಅಂಡ್ ಗ್ರೂವ್ (ಒಂದು ಅಂಚಿಗೆ ನಾಲಗೆ, ಇನ್ನೊಂದಕ್ಕೆ ಅದು ಕೂರುವ ಕೊರಕಲು) ತೆಗೆದ ಮೇಲೆ 1 ಇಂಚು ದಪ್ಪ, 4 ಇಂಚು ಮುಖ ಉಳಿಯುತ್ತದೆ. 120 ಚದರಡಿಗೆ 14 ಘನ ಅಡಿ, ಗಂಟು, ಸೀಳು, ತುಂಡುಗಳಿಗೆ ಶೇ 20 ಸೇರಿಸಿದರೆ 17. ದಿಮ್ಮಿಯನ್ನೇ ಕೊಳ್ಳುವುದಾದರೆ ಇದರ ಎರಡು ಪಟ್ಟಾದರೂ ಬೇಕು, ಏಕೆಂದರೆ ಚೇಗಿನ ಸುತ್ತಲಿನ ಬಿಳಿಭಾಗವನ್ನು ಪೂರ್ತಿ ಬಿಡಬೇಕು. ತೇಗವಾದರೂ ಬಿಳಿಭಾಗಕ್ಕೆ ಗೆದ್ದಲು, ಕುಟ್ಟೆ ಎರಡೂ ಬರುತ್ತವೆ.

ಪ್ರತಿ ಹಲಗೆಯ ತುದಿ ನೋಡಿ. ಸುತ್ತುಗೆರೆಗಳು ಮುಖಕ್ಕೆ ನೇರವಾಗಿ ನಿಂತಿದ್ದರೆ ಹಿಗ್ಗುವಿಕೆ ಹೆಚ್ಚುಕಡಿಮೆ ಅರ್ಧ, ಶೇ 0.10ರಷ್ಟು. ಗೆರೆಗಳು ಕಮಾನಿನಂತೆ ಮಲಗಿದ್ದರೆ ಹಲಗೆ ದೋಣಿಯಾಗುತ್ತದೆ. ಸಣ್ಣ ದಿಮ್ಮಿಯಲ್ಲಿ ನಿಂತ ಗೆರೆಯ ಹಲಗೆ ನಡುಭಾಗದ ಕೆಲವೇ ಸಿಗುತ್ತವೆ. ಅವನ್ನು ಬೇರೆ ತೆಗೆದಿಟ್ಟು ಬಾಗಿಲ ಬಳಿಗೂ ಮಳೆ ಬಡಿಯುವ ಪಡುವಣ ಬದಿಗೂ ಹಾಕಿದೆ. ದಿಮ್ಮಿಯ ನಟ್ಟನಡುವಿನ ತಿರುಳು ಬಂದ ಹಲಗೆ ಎಷ್ಟೇ ಚಂದವಿದ್ದರೂ ತೆಗೆದುಕೊಳ್ಳಬೇಡಿ, ಅದು ಸೀಳಿಯೇ ಸೀಳುತ್ತದೆ.

ಒಣಗಿಸಲು ನೆರಳು, ಗಾಳಿ ಎರಡೂ ಬೇಕು. ಹಲಗೆಗಳನ್ನು ಪೇರಿಸುವಾಗ ಪದರಗಳ ನಡುವೆ ಎರಡಡಿಗೊಂದರಂತೆ 1 ಇಂಚಿನ ರೀಪು, ಮೇಲಿನ ರೀಪು ಕೆಳಗಿನದರ ನೇರಕ್ಕೇ. ತುದಿಗಳಿಗೆ ದಪ್ಪ ಪೇಂಟ್ ಬಳಿಯದಿದ್ದರೆ ಅಲ್ಲಿಂದಲೇ ಸೀಳು ಶುರು. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕವನ್ನು ನಾನು ನಂಬುತ್ತೇನೆ, ಆದರೆ ಅಳೆದೂ ನೋಡುತ್ತೇನೆ. ತೇವ ಅಳೆಯುವ ಮೀಟರಿನ ಮುಳ್ಳನ್ನು ಹಲಗೆಯ ಮೈಗೆ ಚುಚ್ಚಿದರೆ ಅಂಕಿ ಕಡಿಮೆ ತೋರಿಸುತ್ತದೆ. ಒಂದು ಹಲಗೆಯನ್ನು ನಡುವೆ ಕತ್ತರಿಸಿ ಹೊಸದಾಗಿ ಕತ್ತರಿಸಿದ ಮುಖಕ್ಕೇ ಚುಚ್ಚಬೇಕು. ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ. ಬೇಸಿಗೆಯಲ್ಲಿ ತೂಕ ಇಳಿಯುವುದು ನಿಂತರೆ ಹಲಗೆ ಸಿದ್ಧ.

ಜಂತಿ 2×4 ಇಂಚಿನವು, 16 ಇಂಚಿಗೊಂದರಂತೆ ಹತ್ತು, ನಡುವೆ ಒಂದು ತೊಲೆಯ ಆಸರೆ. ಕಂಬದ ನೆತ್ತಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು, ಅಂಚು ಎರಡಿಂಚು ಹೊರಚಾಚಿ ಕೆಳಕ್ಕೆ ಬಾಗಿರಬೇಕು. ಗೆದ್ದಲು ಅದನ್ನು ಸುತ್ತಿ ಬಂದರೂ ಮಣ್ಣಿನ ಗೆರೆ ಕಣ್ಣಿಗೆ ಬೀಳುತ್ತದೆ. ಜಂತಿಗೂ ಹಲಗೆಯ ಅಡಿಮುಖಕ್ಕೂ ಗೇರುಸಿಪ್ಪೆ ಎಣ್ಣೆ ಬಳಿದೆ. ಕೈಗವಸು ಕಡ್ಡಾಯ, ತಾಗಿದರೆ ಚರ್ಮ ಬೊಕ್ಕೆ ಏಳುತ್ತದೆ. ಮೇಲ್ಮುಖಕ್ಕೆ ಮಾತ್ರ ಬಳಿದು ಅಡಿಯನ್ನು ಹಾಗೇ ಬಿಟ್ಟರೆ ಕೆಳಗಿನಿಂದ ತೇವ ಕುಡಿದು ಹಲಗೆಯ ಅಂಚು ಮೇಲೇಳುತ್ತದೆ. ಮೇಲ್ಮುಖಕ್ಕೆ ಬರಿಯ ಅಗಸೆ ಎಣ್ಣೆ ಬೇಡ, ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಕೂರಿಸಿದ್ದು ಮಾರ್ಚ್‌ನಲ್ಲಿ. ಸಾಲುಗಳ ನಡುವೆ ಎಟಿಎಂ ಕಾರ್ಡಿನ ದಪ್ಪದಷ್ಟು ಸಂದು, ಎರಡೂ ಗೋಡೆಯ ಬದಿಗೆ 12 ಮಿ.ಮೀ. ಬಿಟ್ಟೆ. ಗೋಡೆ ಬದಿಯ ಸಂದನ್ನು ಪಟ್ಟಿ ಮುಚ್ಚುತ್ತದೆ, ಆದರೆ ಪಟ್ಟಿಯನ್ನು ಗೋಡೆಗೆ ಹೊಡೆಯಿರಿ, ನೆಲಕ್ಕಲ್ಲ. 3 ಮಿ.ಮೀ. ತೂತು ಕೊರೆದು 2 ಇಂಚಿನ ಸ್ಟೇನ್‌ಲೆಸ್ ಸ್ಕ್ರೂವನ್ನು ನಾಲಗೆಯ ಬದಿಯಿಂದ ಓರೆಯಾಗಿ ಹಾಕಿದೆ. ಹಲಗೆಗೆ ಒಂದೇ ಅಂಚಿನಲ್ಲಿ ಹಿಡಿತವಿದ್ದರೆ ಹಿಗ್ಗಲು ಜಾಗವಿರುತ್ತದೆ. ಕಬ್ಬಿಣದ ಮೊಳೆ ಬೇಡ, ಮರದ ಒಗರಿಗೆ ಸುತ್ತ ಕಪ್ಪಾಗುತ್ತದೆ. ಹಲಗೆಗಳ ಕೂಡು ಜಂತಿಯ ಮೇಲೆಯೇ ಬರಲಿ, ಪಕ್ಕದ ಸಾಲಿನದು ಬೇರೆ ಜಂತಿಗೆ. ಗೋಡೆ ಪಕ್ಕದ ಕೊನೆಯ ಹಲಗೆಯನ್ನು ಮಾತ್ರ ಮೇಲಿನಿಂದ ಸ್ಕ್ರೂ ಹಾಕಿ ನಿಲ್ಲಿಸಿದ್ದೇನೆ. ಮಳೆ ಮುಗಿದ ಮೇಲೆ ಅದನ್ನು ಬಿಚ್ಚಿ ಟಾರ್ಚ್ ಬಿಟ್ಟು ಜಂತಿ, ತಗಡು ನೋಡಲು ಅದೇ ದಾರಿ.