ಚಾಂಪಿಯನ್ ಲೋಡಿನ ಸ್ಯಾಂಪಲ್: ಉಳಿಯಿಂದ ಮೂಸೆಯವರೆಗೆ

ಕೆ.ಜಿ.ಎಫ್.ನ ಚಾಂಪಿಯನ್ ಲೋಡಿನ (ಚಿನ್ನವಿರುವ ಕಲ್ಲಿನ ಪಟ್ಟಿ) ಮುಂದೆ ದೀಪ ಹಿಡಿದು ನಿಂತರೆ ಚಿನ್ನ ಕಾಣುತ್ತಿದ್ದದ್ದು ಅಪರೂಪ. ಕಾಣುತ್ತಿದ್ದದ್ದು ಕಪ್ಪು ಆಂಫಿಬೊಲೈಟ್ ಬಂಡೆಯ ಗೋಡೆಗಳ ನಡುವೆ ಸರಾಸರಿ ಒಂದು ಮೀಟರ್ ಅಗಲದ ಬೆಣಚುಕಲ್ಲಿನ ಪಟ್ಟಿ, ಅಷ್ಟೆ. ಕೆಲವೆಡೆ ಅದು ಗೇಣಿಗೆ ಇಳಿಯುತ್ತದೆ, ಮಡಿಕೆ ಬಿದ್ದಲ್ಲಿ ಹಲವು ಪಟ್ಟು ಉಬ್ಬುತ್ತದೆ. ನೆಲದ ಹತ್ತಿರ ಪಶ್ಚಿಮಕ್ಕೆ ವಾಲಿರುವ ಲೋಡ್ ಆಳಕ್ಕೆ ಹೋದಂತೆ ಹೆಚ್ಚುಕಡಿಮೆ ನೆಟ್ಟಗಾಗುತ್ತದೆ. ಚಿನ್ನ ಪಟ್ಟಿಯುದ್ದಕ್ಕೂ ಸಮನಾಗಿ ಹರಡಿಲ್ಲ. ‘ಶೂಟ್’ಗಳಲ್ಲಿ ಕೂಡಿಕೊಂಡು, ನಡುವೆ ಬರಡು ಜಾಗ ಬಿಟ್ಟಿದೆ. ಇಂಥ ಕಲ್ಲಿನಲ್ಲಿ ಟನ್ನಿಗೆ ಎಷ್ಟು ಚಿನ್ನ ಎಂದು ತಿಳಿಯಲು ಸ್ಯಾಂಪಲ್ ತೆಗೆಯುವಾಗ ತಪ್ಪು ಹುಟ್ಟುವುದು ಲ್ಯಾಬಿಗಿಂತ ಹೆಚ್ಚಾಗಿ ಉಳಿಯ ತುದಿಯಲ್ಲಿ.

ಸಿಡಿತವಾದ ಮೇಲೆ ಮೊದಲು ಹಾರೆಯಿಂದ ಸಡಿಲ ಕಲ್ಲು ಉರುಳಿಸಬೇಕು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿ ಒತ್ತಡ ತುಂಬಿದ ಬಂಡೆ ತಾನಾಗಿ ಸಿಡಿಯುತ್ತಿತ್ತು. ಬಂಡೆ ಚಿಟಪಟ ಎನ್ನುತ್ತಿದ್ದರೆ, ಅಥವಾ ಎರಡು ಸ್ಟೋಪ್‌ಗಳ (ಅದಿರು ತೆಗೆದ ಪೊಳ್ಳುಗಳ) ನಡುವೆ ಉಳಿದ ಸಣ್ಣ ಕಂಬದ ಕೆಳಗಿದ್ದರೆ, ಆ ದಿನ ಸ್ಯಾಂಪಲ್ ಬಿಟ್ಟು ಬರುವುದೇ ಸರಿ. ಸ್ಟೋಪ್‌ಗಳಲ್ಲಿ ಗ್ರಾನೈಟ್ ದಿಮ್ಮಿಗಳ ಗೋಡೆ ಕಟ್ಟುತ್ತಿದ್ದದ್ದೂ ಈ ಒತ್ತಡದ ಸಲುವಾಗಿಯೇ.

ಆಮೇಲೆ ನೀರು. ಬಿರುಕುಗಳಲ್ಲಿ ಸೇರಿದ ಸಿಡಿತದ ಪುಡಿಯಲ್ಲಿ ಚಿನ್ನದ ಕಣ ಇರಬಹುದು. ತೊಳೆಯದೆ ಕೆತ್ತಿದರೆ ಪಕ್ಕದ ಕಲ್ಲಿನ ಚಿನ್ನ ಈ ಚೀಲಕ್ಕೆ ಬರುತ್ತದೆ. ತೊಳೆದ ಮೇಲೆ ಫುಟ್‌ವಾಲ್‌ನಿಂದ (ಲೋಡಿನ ಕೆಳಗಿನ ಗೋಡೆ) ಹ್ಯಾಂಗಿಂಗ್‌ವಾಲ್‌ವರೆಗೆ (ಮೇಲಿನ ಗೋಡೆ), ಲೋಡಿಗೆ ಲಂಬವಾಗಿ, ಬಣ್ಣದಿಂದ ಎರಡು ಗೆರೆ. ಓರೆಯಾಗಿ ಎಳೆದರೆ ಅಗಲ ಸುಳ್ಳಾಗುತ್ತದೆ: 55 ಡಿಗ್ರಿ ವಾಲಿದ ಲೋಡನ್ನು ಅಡ್ಡಡ್ಡ 100 ಸೆಂ.ಮೀ. ಅಳೆದರೆ ನಿಜವಾದ ಅಗಲ 82 ಮಾತ್ರ.

ಗೆರೆಗಳ ನಡುವೆ 10 ಸೆಂ.ಮೀ. ಅಗಲ, 2.5 ಸೆಂ.ಮೀ. ಆಳದ ಕಾಲುವೆ ಕೊರೆದು, ಚೂರನ್ನೆಲ್ಲ ಕೆಳಗೆ ಹಾಸಿದ ಕ್ಯಾನ್ವಾಸಿನ ಮೇಲೆ ಹಿಡಿಯಬೇಕು. ಡ್ರೈವಿನ (ಲೋಡಿನ ಗುಂಟ ಕೊರೆದ ಸುರಂಗ) ಉದ್ದಕ್ಕೂ ಐದಡಿಗೊಂದು ಕಾಲುವೆ ಹಾಕುವುದು ನನ್ನ ರೂಢಿಯಾಗಿತ್ತು. ಬೆಣಚುಕಲ್ಲು ಪೆಡಸು, ಏಟಿಗೆ ಚಿಮ್ಮುತ್ತದೆ. ಆಂಫಿಬೊಲೈಟ್ ಜಿಗುಟು, ಉಳಿಯನ್ನೇ ಮೊಂಡು ಮಾಡುತ್ತದೆ. ಕೈ ಸೋತವನು ಬೆಣಚನ್ನು ಆಳವಾಗಿ, ಗೋಡೆಯನ್ನು ಮೇಲಮೇಲೆ ಕೆತ್ತುತ್ತಾನೆ, ಅಂಕಿ ಏರುತ್ತದೆ. ಅದಕ್ಕೆ ಫುಟ್‌ವಾಲ್ ಅಂಚು, ಬೆಣಚು, ಹ್ಯಾಂಗಿಂಗ್‌ವಾಲ್ ಅಂಚು ಮೂರಕ್ಕೂ ಬೇರೆ ಬೇರೆ ಚೀಲ. ತೂಕವೇ ಸಾಕ್ಷಿ ಹೇಳುತ್ತದೆ: ಒಂದು ಮೀಟರ್ ಬೆಣಚಿನ ಕಾಲುವೆ ಸುಮಾರು 6.6 ಕಿಲೋ ತೂಗಬೇಕು. ನಾಲ್ಕು ಅಥವಾ ಒಂಬತ್ತು ಬಂದರೆ ಚೀಲ ಚೆಲ್ಲಿ ಪಕ್ಕದಲ್ಲೇ ಮತ್ತೆ ಕೊರೆಯುವುದು.

ಕೊರೆಯುವಾಗ ಕಲ್ಲಿನ ಬಣ್ಣವನ್ನೂ ನೋಟ್‌ಬುಕ್ಕಿಗೆ ಹಾಕುತ್ತಿದ್ದೆ. ಹೊಗೆಬಣ್ಣದ, ಕಪ್ಪು ಎಳೆ ಎಳೆಯಾಗಿ ಪದರವಿರುವ ಬೆಣಚಿನ ಮೇಲೆ ನನಗೆ ನಂಬಿಕೆ ಹೆಚ್ಚು, ಹಾಲುಬಿಳಿಯದರ ಮೇಲೆ ಕಡಿಮೆ. ಲೋಡನ್ನು ಕತ್ತರಿಸಿ ಹೋಗುವ ಪೆಗ್ಮಟೈಟ್ ಎಂಬ ದಪ್ಪ ಹರಳಿನ ಕಲ್ಲನ್ನು ಹೊಸಬರು ಬೆಣಚೆಂದು ಚೀಲಕ್ಕೆ ತುಂಬುತ್ತಾರೆ. ಮುರಿದಾಗ ಚಪ್ಪಟೆ ಮುಖ ಹೊಳೆದರೆ ಅದು ಫೆಲ್ಡ್‌ಸ್ಪಾರ್. ಅಲ್ಟ್ರಾವಯೊಲೆಟ್ ದೀಪದಲ್ಲಿ ನೀಲಿಬಿಳಿಯಾಗಿ ಬೆಳಗುವುದು ಶೀಲೈಟ್, ಟಂಗ್‌ಸ್ಟನ್ ಖನಿಜ.

ಮೇಲೆ ಬಂದ ಚೀಲವನ್ನು ಒಣಗಿಸಿ, 6 ಮಿ.ಮೀ.ಗೆ ಜಜ್ಜಿ, ಭಾಗ ಮಾಡಿ, ಒಂದು ಕಿಲೋ ಮಾತ್ರ ನುಣ್ಣಗೆ ಅರೆಯುತ್ತಿದ್ದೆವು. ಇಲ್ಲೊಂದು ತೊಡಕು: ಬೆಣಚು ಪುಡಿಯಾಗುತ್ತದೆ, ಚಿನ್ನ ಆಗುವುದಿಲ್ಲ. ತಟ್ಟಿದಂತೆ ಚಪ್ಪಟೆಯಾಗಿ ಅರೆಯುವ ಯಂತ್ರಕ್ಕೇ ಅಂಟಿ ಮುಂದಿನ ಸ್ಯಾಂಪಲ್ಲಿಗೆ ಹೋಗುತ್ತದೆ. ಹಾಗಾಗಿ ಪ್ರತಿ ಸ್ಯಾಂಪಲ್ ಆದ ಮೇಲೆ ಒಂದು ಹಿಡಿ ಬರಡು ಬೆಣಚು ಅರೆದು ಎಸೆಯಬೇಕು. ಪುಡಿಯನ್ನು 100 ಮೈಕ್ರಾನ್ ಜರಡಿಯಲ್ಲಿ ಹಿಡಿದು, ಮೇಲೆ ಉಳಿದದ್ದನ್ನು ಪೂರ್ತಿ, ಕೆಳಗಿಳಿದದ್ದರಲ್ಲಿ 30 ಗ್ರಾಂನ ಎರಡು ಪಾಲು ಅಸ್ಸೇಗೆ (ಚಿನ್ನದ ಪ್ರಮಾಣದ ಪರೀಕ್ಷೆಗೆ) ಕೊಡುವುದು. ಕಾಲು ಮಿ.ಮೀ. ದಪ್ಪದ ಒಂದೇ ಚಿನ್ನದ ಕಣ ಸುಮಾರು 0.16 ಮಿ.ಗ್ರಾಂ. ಅದು 30 ಗ್ರಾಂ ಪಾಲಿಗೆ ಬಿದ್ದರೆ ಟನ್ನಿಗೆ 5 ಗ್ರಾಂ ಏರಿತು, ತಪ್ಪಿದರೆ ಸೊನ್ನೆ. ಜರಡಿ ಬಿಟ್ಟರೆ ಉತ್ತರ ಲಾಟರಿ.

ಮೂಸೆಗೆ: 30 ಗ್ರಾಂ ಪುಡಿ, 60 ಗ್ರಾಂ ಲಿಥಾರ್ಜ್ (ಸೀಸದ ಆಕ್ಸೈಡ್), 30 ಗ್ರಾಂ ಸೋಡಾ (ಸೋಡಿಯಂ ಕಾರ್ಬೊನೇಟ್), 10 ಗ್ರಾಂ ಬಿಳಿಗಾರ, ಸುಮಾರು 3 ಗ್ರಾಂ ಗೋಧಿಹಿಟ್ಟು, ಚಿನ್ನ ಬಿಡಿಸಲು ಕೆಲವು ಮಿ.ಗ್ರಾಂ ಬೆಳ್ಳಿ. 1,000–1,050 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ. ಹಿಟ್ಟು ಲಿಥಾರ್ಜನ್ನು ಸೀಸವಾಗಿಸುತ್ತದೆ, ಸೀಸ ಚಿನ್ನವನ್ನು ಬಾಚಿಕೊಂಡು ತಳಕ್ಕಿಳಿಯುತ್ತದೆ. 25–30 ಗ್ರಾಂನ ಸೀಸದ ಗುಂಡು ಸರಿಯಾದದ್ದು. ಪಶ್ಚಿಮದ ಸಲ್ಫೈಡ್ ಲೋಡುಗಳ ಕಲ್ಲಿನಲ್ಲಿ ಪಿರ್ರೊಟೈಟ್, ಆರ್ಸೆನೊಪೈರೈಟ್ ಎಂಬ ಗಂಧಕದ ಖನಿಜಗಳು ಇರುವುದರಿಂದ ಗುಂಡು ವಿಪರೀತ ದೊಡ್ಡದಾಗುತ್ತದೆ, ಮೇಲೆ ಮ್ಯಾಟ್ ಎಂಬ ಪೆಡಸು ಸಲ್ಫೈಡ್ ಪದರ ಕೂತು ಚಿನ್ನ ನುಂಗುತ್ತದೆ. ಅದಕ್ಕೆ ಹಿಟ್ಟು ಬಿಟ್ಟು ಲೆಕ್ಕ ನೋಡಿ ಪೆಟ್ಲುಪ್ಪು ಹಾಕಬೇಕು, ಇಲ್ಲವೇ ಮೊದಲೇ ಹುರಿಯಬೇಕು. ಕ್ಯೂಪೆಲ್ ಎಂಬ ಸೀಸ ಹೀರುವ ಬಟ್ಟಲಿನಲ್ಲಿ ಸೀಸ ಹೀರಿಹೋದ ಮೇಲೆ ಉಳಿದ ಮಣಿಯ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ತೊಳೆದು, ಕಾಯಿಸಿ ತೂಗುವುದು.

ಅಂಕಿಗಳನ್ನು ಸುಮ್ಮನೆ ಸರಾಸರಿ ಮಾಡಬಾರದು. 20 ಸೆಂ.ಮೀ. ಅಗಲಕ್ಕೆ ಟನ್ನಿಗೆ 30 ಗ್ರಾಂ, 100 ಸೆಂ.ಮೀ. ಅಗಲಕ್ಕೆ 4 ಗ್ರಾಂ ಬಂದರೆ ಸರಾಸರಿ 17 ಅಲ್ಲ. ಅಗಲದಿಂದ ಗುಣಿಸಿ, ಒಟ್ಟು ಅಗಲದಿಂದ ಭಾಗಿಸಿದರೆ 8.3. ಲೋಡ್ 40 ಸೆಂ.ಮೀ. ಇದ್ದು 20 ಗ್ರಾಂ ಕೊಟ್ಟರೂ, ಮನುಷ್ಯ ನುಸುಳಲು 120 ಸೆಂ.ಮೀ. ಒಡೆಯಲೇಬೇಕು. ಮಿಲ್ಲಿಗೆ ಹೋಗುವುದು 6.7 ಗ್ರಾಂನ ಕಲ್ಲು.

2001ರಲ್ಲಿ ಗಣಿ ಮುಚ್ಚಿದ ಮೇಲೆ ಹಳೆಯ ಅಸ್ಸೇ ಪ್ಲಾನುಗಳನ್ನು (ಅಸ್ಸೇ ಅಂಕಿ ಬರೆದ ಗಣಿ ನಕ್ಷೆ) ಓದುವವರು ಪೆನ್ನಿವೇಟ್ ಎಂಬ ಹಳೆಯ ತೂಕದ ಅಳತೆಯಲ್ಲಿ ಎಡವುತ್ತಾರೆ. ಒಂದು ಪೆನ್ನಿವೇಟ್ 1.555 ಗ್ರಾಂ. ಆದರೆ ಟನ್ ಎರಡು ಬಗೆ: ಟನ್ನಿಗೆ ಇಷ್ಟು ಪೆನ್ನಿವೇಟ್ ಎಂಬ ಅಂಕಿಯನ್ನು ಮೆಟ್ರಿಕ್ ಟನ್ನಿಗೆ ಗ್ರಾಂ ಮಾಡಲು 907 ಕಿಲೋದ್ದಾದರೆ 1.714ರಿಂದ, 1,016 ಕಿಲೋದ್ದಾದರೆ 1.531ರಿಂದ ಗುಣಿಸಬೇಕು. ಶೇ. 12ರ ವ್ಯತ್ಯಾಸ. ಗುಣಿಸುವ ಮೊದಲು ಪ್ಲಾನಿನ ಮೂಲೆಯಲ್ಲಿ ಯಾವ ಟನ್ ಎಂದು ಬರೆದಿದೆ ನೋಡಿ.